ಹಕ್ಕಿ ಮೇಷ್ಟ್ರು

ನಮ್ಮ ಸಮಾಜ ಪಾಠದ ಮೇಷ್ಟ್ರು ಕಿಟಕಿಯಾಚೆ ನೋಡುತ್ತ “ಸರ್ಕಾರವೇ ಇಲ್ಲದ ಕಾಲವದು” ಎಂದು ಶುರುಮಾಡಿದರೆ ಸಾಕು, ಬೆಂಚುಗಳು ಬೇರುಬಿಟ್ಟು ಚಿಗುರುತ್ತಿದ್ದವು, ಗಂಟೆ ಹೊಡೆಯುವ ಜವಾನ ಆ ಕಾಡಿನಲ್ಲಿ ದಾರಿ ತಪ್ಪಿ ಊಟದ ಹೊತ್ತನ್ನೇ ಮರೆಯುತ್ತಿದ್ದ. ಕೊನೆಗೆ ಬೆದರಿದ ಜನರೆಲ್ಲ ಸೇರಿ “ನೀನು ನಮ್ಮನ್ನ ಕಾಯಿ, ನಿನ್ನ ಮಾತು ಕೇಳ್ತೀವಿ” ಎಂದು ಒಬ್ಬನ ಜೊತೆ ಒಪ್ಪಂದ ಮಾಡಿಕೊಳ್ಳುವಲ್ಲಿಗೆ ಸರ್ಕಾರ ಹುಟ್ಟುತ್ತಿತ್ತು, ಮೇಷ್ಟ್ರಿಗೆ ಆಕಳಿಕೆ ಬರುತ್ತಿತ್ತು. ಮಕ್ಕಳು ‘ಹಕ್ಕು’ ಎನ್ನುವಲ್ಲಿ ‘ಹಕ್ಕಿ’ ಎಂದು ಬರೆದರೆ ತಿದ್ದುತ್ತಿರಲಿಲ್ಲ. “ಹಾರ್ಕೊಂಡಿರ್ಲಿ ಬಿಡ್ರೋ” ಎನ್ನುತ್ತಿದ್ದರು. ಒಮ್ಮೆ ತಪಾಸಣೆಗೆ ಬಂದ ಸಾಹೇಬರು, ಎಂದೂ ಬಾಯಿಬಿಡದ ಹಿಂದಿನ ಬೆಂಚಿನ ಹುಡುಗಿಯನ್ನು ನಿಲ್ಲಿಸಿ, ಅವಳು ಬರೆದದ್ದನ್ನು ಗಟ್ಟಿಯಾಗಿ ಓದಿದರು: “ಮನುಷ್ಯ ಹುಟ್ಟುವಾಗಲೇ ಅವನಿಗೆ ಹಕ್ಕಿಗಳಿರುತ್ತವೆ.” ತರಗತಿಯೆಲ್ಲ ನಕ್ಕಿತು, ಹುಡುಗಿಯ ಕಣ್ಣು ತುಂಬಿತು. “ಯಾರಮ್ಮ ಕೊಟ್ಟಿದ್ದು ಹಕ್ಕೀನ, ಸರ್ಕಾರಾನಾ?” ಎಂದರು ಸಾಹೇಬರು. ಎತ್ತಂಗಡಿಯ ಹೆದರಿಕೆಯಿದ್ದರೂ ಮೇಷ್ಟ್ರು ಹೋಗಿ ಅವಳ ಪಕ್ಕದಲ್ಲಿ ನಿಂತು, “ಹೇಳು ಮಗಾ, ನಿಧಾನಕ್ಕೆ” ಎಂದರು. “ಯಾರೂ ಕೊಟ್ಟಿಲ್ಲ ಸಾರ್. ಬೆಕ್ಕು ಬರದಂಗೆ ನೋಡ್ಕೋ ಅಂತ ಸರ್ಕಾರಕ್ಕೆ ಹೇಳಿದೀವಿ, ಅಷ್ಟೆ.” “ಕಾಯೋನೇ ಬೆಕ್ಕಾದ್ರೆ?” ಎಂದರು ಸಾಹೇಬರು. “ಬೇರೆಯವ್ರನ್ನ ಇಟ್ಕೋತೀವಿ,” ಎಂದ ಹುಡುಗಿ, ಯಾರ ಅಪ್ಪಣೆಯನ್ನೂ ಕೇಳದೆ ಕೂತುಕೊಂಡಳು.