ಟ್ರಂಕಿನೊಳಗಿನ ಪೊರೆ

ಅಕ್ಕಾ, ನಿನ್ನ ಟ್ರಂಕಿನಲ್ಲಿ ಹಾವಿನ ಪೊರೆ ಇಟ್ಟವಳು ನಾನು. ನಾಗಪ್ಪ ಅಲ್ಲ — ನಾನು, ನಿನ್ನ ತಂಗಿ.

ಜಮಖಂಡಿ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸತು. ಮದುವೆಯಾಗಿ ಮುಧೋಳಕ್ಕೆ ಹೋಗಿದ್ದ ನೀನು ಮೊದಲ ನಾಗರಪಂಚಮಿಗೆ ತವರು ಬನಹಟ್ಟಿಗೆ ಬಂದಿದ್ದೆ. ನನಗೆ ಹನ್ನೆರಡು ವರ್ಷ. ನೀನಿಲ್ಲದ ಮನೆಯಲ್ಲಿ ಅಪ್ಪನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಕೆಲಸವೆಲ್ಲ ನನ್ನ ತಲೆಗೇ ಬಿದ್ದಿತ್ತು. ರಾಟಿ ತಿರುಗಿಸಿ ತಿರುಗಿಸಿ ರಟ್ಟೆ ಬಿದ್ದುಹೋಗುತ್ತಿತ್ತು. ನೀನು ಬಂದ ಆ ಎಂಟು ದಿನ ಎಂಥ ಸುಖ! ಜೋಕಾಲಿ, ತಂಬಿಟ್ಟು, ನಗು... ನೀನು ಹೋಗಬಾರದು ಅನಿಸಿತು. ನಿನ್ನ ಮೇಲಿನ ಪ್ರೀತಿಯಿಂದ — ಅಂತ ಬರೆಯಲು ಹೊರಟಿದ್ದೆ. ಸುಳ್ಳು. ಅರ್ಧ ಪ್ರೀತಿ, ಅರ್ಧ ಕಂಡಿಕೆ.

ಹಿತ್ತಲ ಕಟ್ಟಿಗೆಯ ಸಂದಿಯಲ್ಲಿ ಪೊರೆ ಸಿಕ್ಕಿತ್ತು. ನೀನು ಹೊರಡುವ ದಿನ ಬೆಳಿಗ್ಗೆ ನಿನ್ನ ಸೀರೆಯ ಮಡಿಕೆಯಲ್ಲಿ ಅದನ್ನು ಇಟ್ಟೆ. ಗಂಡುಮಕ್ಕಳಿಲ್ಲದ ನಮಗೆ ನಾಗಪ್ಪನೇ ಅಣ್ಣ ಅಂತ ಅವ್ವ ಹಾಲೆರೆಯುವಾಗೆಲ್ಲ ಹೇಳುತ್ತಿದ್ದಳಲ್ಲ. ಪೊರೆ ಕಂಡರೆ ಏನನ್ನುತ್ತಾಳೆ ಅಂತ ನನಗೆ ಗೊತ್ತಿತ್ತು. ಟ್ರಂಕಿನಲ್ಲಿ ಪೊರೆ ಕಂಡದ್ದೇ, ನಿನ್ನನ್ನು ಕರೆದೊಯ್ಯಲು ಬಂದಿದ್ದ ನಿನ್ನ ಗಂಡ, ನನ್ನ ಮಾವನ ಮುಂದೆ ಅವ್ವ ಕೈಮುಗಿದೇಬಿಟ್ಟಳು.

"ಅಣ್ಣ ತಂಗೀನ್ನ ಬಿಡವೊಲ್ಲ ನೋಡ್ರಿ. ಮುಂದಿನ ಪಂಚಮಿ ತನಕ ಈಕಿ ಊರು ದಾಟಂಗಿಲ್ಲ."

ಮಾವ ಪೊರೆ ನೋಡಿದರು, ನಿನ್ನನ್ನು ನೋಡಿದರು. "ಆತು ಬಿಡ್ರಿ, ಕಾಯ್ತೇನಿ" ಅಂದರು. ಪಾಪ, ಎಂಥ ಒಳ್ಳೆಯ ಮನುಷ್ಯ.

ಸುಗ್ಗಿಯ ಹೊತ್ತಿಗೆ ನಿನ್ನ ಅತ್ತೆ ಹಾಸಿಗೆ ಹಿಡಿದರು. ಮಗಳ ಹಾಗೆ ನಿನ್ನನ್ನು ಕೂರಿಸಿಕೊಂಡು ಹೆರಳು ಹಾಕುತ್ತಿದ್ದ ಅತ್ತೆ. "ಒಮ್ಮೆ ಅತ್ತಿ ಮಾರಿ ನೋಡಿ ಬರ್ತೇನಬೇ" ಅಂತ ನೀನು ಅವ್ವನ ಕಾಲು ಹಿಡಿದೆ. "ನಾಗಪ್ಪನ ಮಾತು ಮೀರಬ್ಯಾಡ" ಅಂದಳು ಅವ್ವ. ನಾನು ಅಲ್ಲೇ ರಾಟಿಯ ಮುಂದೆ ಕೂತಿದ್ದೆ. ಒಂದು ಮಾತು — ಒಂದೇ ಮಾತು ಸಾಕಿತ್ತು. ಹೊಡೆತ ಬೀಳುತ್ತವೆ ಅಂತ ಬಾಯಿ ಬಿಡಲಿಲ್ಲ. ಮೂರನೆಯ ದಿನ ಅತ್ತೆ ಹೋದ ಸುದ್ದಿ ಬಂತು.

ಅಳು ಮರೆಯಲೆಂದು ನೀನು ಅಪ್ಪನ ಮಗ್ಗದ ಕುಣಿಗೆ ಇಳಿದು ನೇಯಲು ಕೂತೆ. ವರ್ಷ ತುಂಬುವುದರೊಳಗೆ ಅಪ್ಪನಿಗಿಂತ ಚೆಂದದ ಸೀರೆ ನೇಯ್ದೆ. ಮರುಪಂಚಮಿಗೆ ಮಾವ ಬಂದರೆ, "ಮನ್ಯಾಗ ಮಗ್ಗ ಹಾಕಿಸ್ತೀರೇನು? ಹಂಗಾದ್ರ ಬರ್ತೇನಿ" ಅಂದೆ! ಗಂಡನೆದುರು ತಲೆ ಎತ್ತದ ನೀನು! ಈಗ ಮುಧೋಳದ ಆ ಮನೆಯಲ್ಲಿ ಸೊಸೆಯಂದಿರೂ ನೇಯುತ್ತಾರೆ. ನೋಡಿದಾಗೆಲ್ಲ ನನ್ನ ಹೊಟ್ಟೆ ತಣ್ಣಗಾಗುತ್ತದೆ. "ನಾಗಪ್ಪ ನನ್ನ ಹಳೇ ಪೊರಿ ಬಿಡಿಸಿದ" ಅಂತ ಮೊಮ್ಮಕ್ಕಳಿಗೆ ಹೇಳುತ್ತೀ. ಆ ಪೊರೆ ಇನ್ನೂ ನಿನ್ನ ದೇವರ ಜಗಲಿಯ ಮೇಲಿದೆ, ಕುಂಕುಮ ಹಚ್ಚಿಸಿಕೊಂಡು.

ಹೇಳಿದರೆ ನಿನ್ನ ದೇವರನ್ನೇ ಕಸಿದಂತಾಗುತ್ತದಲ್ಲ ಅಂತ ಇಷ್ಟು ವರ್ಷ ಸುಮ್ಮನಿದ್ದೆ. ಅದೂ ನೆಪವೇ. ಹಾವು ತನ್ನ ಪೊರೆಯನ್ನು ತಾನೇ ಬಿಡುತ್ತದೆ. ನೀನೂ ಹಾಗೇ, ನಿನ್ನ ಕೈಯಿಂದಲೇ ಬೇರೆಯವಳಾದೆ. ಆ ಒಳ್ಳೆಯದರಲ್ಲಿ ನನ್ನ ಪಾಲಿಲ್ಲ. ನನ್ನ ಪಾಲಿನದು — "ಸೊಸಿ ಬಂದ್ಲೇನು?" ಅಂತ ಕೇಳುತ್ತಲೇ ಕಣ್ಣು ಮುಚ್ಚಿದ ನಿನ್ನ ಅತ್ತೆ.

ನಿನಗೆ ಓದು ಬಾರದು. ಇದನ್ನು ಮೊಮ್ಮಗಳ ಬಾಯಿಂದ ಕೇಳುವುದು ಬೇಡ. ನಾಳೆ ಬಸ್ಸು ಹತ್ತಿ ನಾನೇ ಬಂದು, ನಿನ್ನೆದುರು ಕೂತು ಹೇಳುತ್ತೇನೆ. ಅಲ್ಲಿ ಬಾಯಿ ತಡವರಿಸಬಾರದು ಅಂತ ಇಷ್ಟು ಬರೆದುಕೊಂಡೆ. ಯಾರು ಏನು ಮಾಡಿದರೂ "ಹೋಗ್ಲಿ ಬಿಡು" ಅನ್ನುವವಳು ನೀನು. ಇದಕ್ಕೆ ಮಾತ್ರ ಅನ್ನಬೇಡ, ಅಕ್ಕಾ.