ಚಿಕ್ಕಮ್ಮನ ಚಮಚ

ನಮ್ಮ ಚಿಕ್ಕಮ್ಮನನ್ನು ಆಸ್ಪತ್ರೆಯಲ್ಲಿ ಎಲ್ಲರೂ 'ಗಾಳಿ ಸಿಸ್ಟರ್' ಅಂತಲೇ ಕರೀತಿದ್ದರು. ಮೂವತ್ತೊಂದು ವರ್ಷ ಆಪರೇಷನ್ ವಾರ್ಡಿನಲ್ಲಿ ನರ್ಸಾಗಿದ್ದವಳು. ಬೆಳಗಾದರೆ ಹೊಟ್ಟೆ ಕೊಯ್ಸಿಕೊಂಡವರ ಮಂಚದ ಮುಂದೆ ನಿಂತು ಒಂದೇ ಪ್ರಶ್ನೆ: "ಗಾಳಿ ಹೋಯ್ತಾ?" ಹೊಸಬರು ನಾಚಿ ಮುಖ ಮುಚ್ಚಿಕೊಳ್ಳೋರು. "ನಾಚ್ಕೋಬೇಡಿ, ನಿಮ್ಮ ಹೊಟ್ಟೆ ಕಳಿಸೋ ಒಳ್ಳೇ ಸುದ್ದಿ ಅದೊಂದೇ" ಅನ್ನೋಳು.

ನನಗೂ ಅವಳೇ ಹೇಳಿಕೊಟ್ಟದ್ದು. ಇಪ್ಪತ್ತಡಿ ಸಣ್ಣ ಕರುಳು, ಐದಡಿ ದೊಡ್ಡ ಕರುಳು, ಎಲ್ಲ ಇಷ್ಟಗಲದ ಹೊಟ್ಟೆಯಲ್ಲಿ ಮಡಚಿಕೊಂಡು ಕೂತಿವೆ. ನುಂಗಿದ್ದನ್ನು ಹಿಂಡಿ ಹಿಂಡಿ ಮುಂದಕ್ಕೆ ತಳ್ಳೋದು, ಸಾರ ಹೀರೋದು ಅವುಗಳ ಕೆಲಸ. ಡಾಕ್ಟರು ಕೈಯಿಟ್ಟರೆ ಮಾತ್ರ ಮುನಿಸಿಕೊಂಡ ಅಳಿಯನ ಹಾಗೆ ಸುಮ್ಮನಾಗಿಬಿಡುತ್ತವೆ. ಮೊದಲು ಸಣ್ಣ ಕರುಳು ಏಳುತ್ತೆ, ಆಮೇಲೆ ಜಠರ, ಮೂರನೇ ದಿನಕ್ಕೆ ದೊಡ್ಡ ಕರುಳು. ಅಲ್ಲಿಯವರೆಗೆ ತೊಟ್ಟು ನೀರೂ ಇಲ್ಲ. ತುಟಿಗೆ ಒದ್ದೆ ಹತ್ತಿ, ಅಷ್ಟೇ. ಕಾಲಿಗೆ ಬಿದ್ದರೂ ಜಗ್ಗೋಳಲ್ಲ. ಎಷ್ಟು ಜನ ಹಿಡಿಶಾಪ ಹಾಕಿದರೋ!

ಆದರೆ ನರ್ಸುಗಳ ಬೀರುವಿನಲ್ಲಿ ಅವಳದೊಂದು ಸ್ಟೀಲ್ ಚಮಚ ಇತ್ತು. ಕರುಳು ಇನ್ನು ಏಳೋಲ್ಲ ಅಂತ ಡಾಕ್ಟರು ಕೈಚೆಲ್ಲಿದವರ ಹತ್ತಿರ ಅದನ್ನು ಹಿಡಿದು ಹೋಗೋಳು. "ಏನು ಬೇಕು ಹೇಳಿ" ಅಂತ ಕೇಳಿ, ಬೇಕಾದ್ದನ್ನು ಎರಡು ಚಮಚ ಕುಡಿಸೋಳು. ಆ ಚಮಚ ಹೊರಗೆ ಬಂತೆಂದರೆ ಇಡೀ ವಾರ್ಡು ಗಪ್‌ಚುಪ್.

ನಿವೃತ್ತಿಯಾದ ಎರಡೇ ವರ್ಷಕ್ಕೆ ಅವಳ ಕರುಳೇ ತಿರುಚಿಕೊಂಡಿತು. ಅದೇ ವಾರ್ಡು, ಕಿಟಕಿ ಪಕ್ಕದ ಮಂಚ. ಕಪ್ಪಾದ ಭಾಗ ಕತ್ತರಿಸಿ ಹೊಲಿದಿದ್ದರು. ಮಕ್ಕಳಿಲ್ಲದವಳು, ನಾನೇ ಜೊತೆಗೆ ಕೂತೆ. ಬೆಳಿಗ್ಗೆ "ಗಾಳಿ ಹೋಯ್ತಾ ಚಿಕ್ಕಮ್ಮ?" ಅಂದರೆ, "ನನ್ನ ಡೈಲಾಗು ನನಗೇ ಹೊಡೀತೀಯೇನೇ?" ಅಂತ ನಕ್ಕಳು.

ಮೂರು ದಿನ ಆಯ್ತು, ನಾಲ್ಕಾಯ್ತು. ಹೊಟ್ಟೆ ಉಬ್ಬುತ್ತಾ ಬಂತು. ಐದನೇ ದಿನ ಡಾಕ್ಟರು ನನ್ನನ್ನು ಆಚೆ ಕರೆದು, ಉಳಿದ ಕರುಳೂ ಕಪ್ಪಾಗಿದೆ, ಮತ್ತೆ ಕೊಯ್ದರೆ ಜೀವ ತಡೆಯೋಲ್ಲ ಅಂದರು. ನಾನು ಮುಖ ತೊಳೆದು ಒಳಗೆ ಬಂದು, "ನಾಳೆ ಸರಿಹೋಗುತ್ತಂತೆ" ಅಂದೆ.

ಅವಳು ನರ್ಸಿನ ಸ್ಟೆತಾಸ್ಕೋಪು ಇಸ್ಕೊಂಡು ತನ್ನ ಹೊಟ್ಟೆ ಮೇಲೆ ತಾನೇ ಇಟ್ಟುಕೊಂಡಳು. ಬಲಕ್ಕೆ, ಎಡಕ್ಕೆ, ಹೊಕ್ಕುಳ ಕೆಳಗೆ.

"ಕರುಳಿನ ಸದ್ದು ಏನಾದ್ರೂ ಕೇಳಿಸ್ತಾ?"

"ಸುಮ್ನಿರೇ, ವಟವಟ ಅಂದ್ರೆ ಹೇಗೆ ಕೇಳಿಸುತ್ತೆ."

ಐದು ನಿಮಿಷ ಕೇಳಿದಳು. ಆಮೇಲೆ ನಿಧಾನವಾಗಿ ಸ್ಟೆತಾಸ್ಕೋಪು ತೆಗೆದಿಟ್ಟಳು. "ನರ್ಸುಗಳ ಬೀರುವಿನ ಮೇಲಿನ ಅರೆಯಲ್ಲಿ ನನ್ನ ಚಮಚ ಇನ್ನೂ ಇರುತ್ತೆ, ತಗೊಂಡು ಬಾ. ಹಾಗೇ ಒಂದು ಲೋಟ ಟೀ. ಸಕ್ಕರೆ ಜಾಸ್ತಿ."

ನನಗೆ ಎಲ್ಲಿಲ್ಲದ ಕೋಪ ಬಂತು. "ಬಾಯಿ ಮುಚ್ಚು! ನೀರೇ ಇಲ್ಲ, ಟೀ ಎಲ್ಲಿಂದ ಬರುತ್ತೆ?" ಅಂತ ಕಿರುಚಿದೆ. ಪಕ್ಕದ ಮಂಚದವರು ತಿರುಗಿ ನೋಡಿದರು.

"ಆ ರೂಲ್ಸು ನನ್ನದು ಕಣೇ. ನನಗೇ ಹೇಳಿಕೊಡ್ತೀಯಾ? ಹೋಗು, ಬಿಸಿಬಿಸಿ ತಗೊಂಡು ಬಾ."

ಎರಡನ್ನೂ ತಂದೆ. ಮೊದಲ ಚಮಚ ಅವಳ ಬಾಯಿಗೆ ಹಿಡಿಯುವಷ್ಟರಲ್ಲಿ ಅರ್ಧ ಟೀ ಹೊದಿಕೆ ಮೇಲೆ ಚೆಲ್ಲಿತು. ಉಳಿದದ್ದನ್ನು ಬಾಯಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿ ನುಂಗಿದಳು. ಅದು ಇಳಿಯುವ ದಾರಿಯಲ್ಲೇ ಅವಳ ಬೆರಳೂ ಇಳಿಯಿತು: ಗಂಟಲು, ಎದೆಯ ನಡು, ಪಕ್ಕೆಲುಬಿನ ಕೆಳಗೆ ಜಠರ. ಅಲ್ಲಿಗೆ ನಿಂತಿತು. ಮುಂದೆ ಹೋಗಲಿಲ್ಲ.

"ಇಲ್ಲೀತನಕ ಬಂತು" ಅಂದಳು. "ಬಿಸಿಯಾಗಿದೆ. ಅಳಬೇಡ, ಇನ್ನೊಂದು ಚಮಚ ಹಾಕು."

ಹಾಕಿದೆ.