ಸಾರುವೆ ಬಿಟ್ಟುಕೊಡದ ಅಕ್ಕ

ಕಟ್ಟಡದ ಕೆಲಸದಲ್ಲಿ ಎಲ್ಲರೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದರು. ವಯಸ್ಸೆಲ್ಲ ತಲೆ ಮೇಲೆ ಗಾರೆ ಬಾಂಡ್ಲಿ ಹೊತ್ತೇ ಕಳೆದವಳು. ಹೆಂಗಸು ಅಂದರೆ ಹೊರೋದು, ಗಂಡಸು ಅಂದರೆ ಕರಣೆ ಹಿಡಿದು ಗಾರೆ ಬಳಿಯೋದು ಅಂತ ಅದ್ಯಾವ ಪುಣ್ಯಾತ್ಮ ಬರೆದಿಟ್ಟಿದ್ದನೋ! ಮುದುಕ ಮೇಸ್ತ್ರಿಯ ಬೆನ್ನು ಬಿದ್ದು, ಊಟದ ಹೊತ್ತಿನಲ್ಲಿ ಮೂಲೆಯ ಗೋಡೆಗಳ ಮೇಲೆ ಕೈ ಪಳಗಿಸಿಕೊಂಡು, ಕೊನೆಗೂ ಅವಳು ಕರಣೆ ಹಿಡಿದು, ಗೋಡೆಗೆ ಆನಿಸಿ ಕಂಬ-ಹಲಗೆ ಕಟ್ಟಿದ ಸಾರುವೆ ಹತ್ತಿದಳು. ಮೂರನೇ ಅಂತಸ್ತಿನ ಹೊರಗೋಡೆಗೆ ಗಾರೆ ಬಳಿಯುತ್ತಾ ನಿಂತರೆ ಅವಳಿಗೆ ಹಸಿವೂ ಮರೆತುಹೋಗೋದು.

ಅಂಥವಳಿಗೆ ಒಂದು ಮಧ್ಯಾಹ್ನ ಸಾರುವೆ ಮೇಲೆಯೇ ತಲೆ ಸುತ್ತಿತು. ಕಂಬ ತಬ್ಬಿಕೊಂಡು ಕುಸಿದು ಕೂತಳು. ಮೇಸ್ತ್ರಿ ಕೈ ಹಿಡಿದು ಕೆಳಗಿಳಿಸಿದ. ಕಂಟ್ರಾಕ್ಟರ್ ಇದಕ್ಕೇ ಕಾದಿದ್ದವನ ಹಾಗೆ, "ನಾನು ಮೊದಲೇ ಹೇಳಿರಲಿಲ್ವಾ? ಹೆಂಗಸರಿಗೆ ಎತ್ತರ ಆಗಿಬರಲ್ಲಮ್ಮ. ನಾಳೆಯಿಂದ ಮತ್ತೆ ಬಾಂಡ್ಲಿ ಹೊರು," ಅಂದ.

ಇಷ್ಟು ವರ್ಷ ನಾಚಿಕೆಯಿಂದ ನುಂಗಿಕೊಂಡಿದ್ದ ಮಾತು ಎಲ್ಲರೆದುರೇ ಬಾಯಿಗೆ ಬಂತು.

"ಎತ್ತರದಿಂದಲ್ಲ ಸಾರ್. ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿದಿಲ್ಲ. ಇಲ್ಲಿ ಯಾವ ಹೆಂಗಸೂ ಕುಡಿಯಲ್ಲ. ಕುಡಿದರೆ ಹೋಗೋದೆಲ್ಲಿ? ಗಂಡಸರಿಗಾದರೆ ಆ ಹಿಂದಿನ ಗೋಡೆ ಇದೆ. ಒಂದೊಂದು ಮನೆಗೂ ಎರಡೆರಡು ಕಕ್ಕಸು ಕಟ್ತಿದ್ದೀವಿ, ಕಟ್ಟೋರಿಗೆ ಒಂದೂ ಇಲ್ಲ."

ಕಂಟ್ರಾಕ್ಟರ್ "ನೋಡೋಣ, ನೋಡೋಣ" ಅಂತ ಜಾರಿಕೊಳ್ಳಲು ನೋಡಿದ. ಈ 'ನೋಡೋಣ'ದಲ್ಲೇ ಎಷ್ಟು ಹೆಂಗಸರ ಆಯಸ್ಸು ಮುಗಿದಿದೆಯೋ. ಅಷ್ಟರಲ್ಲಿ ಬಾಂಡ್ಲಿ ಹೊರುವವರು ಒಬ್ಬೊಬ್ಬರಾಗಿ ಬಾಂಡ್ಲಿ ಬೋರಲು ಹಾಕಿ ಅದರ ಮೇಲೆಯೇ ಕೂತುಬಿಟ್ಟರು. ಗಾರೆ ಬರದೆ ಮೇಲಿದ್ದವರ ಕೈ ನಿಂತಿತು.

ಮೇಸ್ತ್ರಿಯೂ ಕರಣೆ ಕೆಳಗಿಟ್ಟ. "ಕಲಸಿದ ಗಾರೆ ಗಟ್ಟಿಯಾಗ್ತಾ ಇದೆ ಸಾರ್. ಏನು ಹೇಳೋದಿದ್ರೂ ಬೇಗ ಹೇಳಿಬಿಡಿ," ಅಂದ.

ಸಿಮೆಂಟು ಯಾರ ಮುಲಾಜಿಗೂ ಕಾಯೋದಿಲ್ಲವಲ್ಲ. ಕಂಟ್ರಾಕ್ಟರ್ ಹಣೆ ಒರೆಸಿಕೊಂಡು, "ಕಟ್ಕೊಳ್ಳಿ ಹೋಗಿ," ಅಂದ.

ಅದೇ ಗಾರೆಯಲ್ಲಿ ಹೆಂಗಸರ ಕಕ್ಕಸಿನ ಮೊದಲ ಇಟ್ಟಿಗೆ ಕೂತಿತು. ಅಕ್ಕನೇ ನಿಂತು ಗೋಡೆ ಎಬ್ಬಿಸಿದಳು. ಬಾಗಿಲಿಗೆ ಒಳಗಿನಿಂದ ಚಿಲಕ ಬೇಕೇ ಬೇಕು ಅಂತ ಹಟ ಹಿಡಿದು ಹಾಕಿಸಿದಳು. ಆಮೇಲೆ ಯಾರ ಅಪ್ಪಣೆಗೂ ಕಾಯದೆ ಹೊಟ್ಟೆ ತುಂಬ ನೀರು ಕುಡಿದು ಸೀದಾ ಸಾರುವೆ ಹತ್ತಿದಳು. ಅವಳಿಗೆ ಮತ್ತೆ ತಲೆ ಸುತ್ತಲಿಲ್ಲ. ಕಟ್ಟಡ ಮುಗಿಯೋ ಹೊತ್ತಿಗೆ ಅವಳ ಪಕ್ಕದಲ್ಲಿ ಇನ್ನಿಬ್ಬರು ಹೆಂಗಸರು ಗಾರೆ ಬಳಿಯುತ್ತಿದ್ದರು.

ಮುಂದಿನ ಕೆಲಸಕ್ಕೆ ಕಂಟ್ರಾಕ್ಟರ್ ತಾನೇ ಫೋನ್ ಮಾಡಿ ಕರೆದ.

"ಬಾಂಡ್ಲಿಗಾ, ಕರಣೆಗಾ ಸಾರ್?" ಅಂತ ಅಕ್ಕ ಬೇಕಂತಲೇ ಕೇಳಿದಳು.

"ಕರಣೆಗೇ ಬಾ ತಾಯಿ. ಪಾಯ ತೆಗೆಯೋಕ್ಕಿಂತ ಮುಂಚೆ ಕಕ್ಕಸು ಕಟ್ಟಿಸಿದ್ದೀನಿ."

"ಚಿಲಕ?"

"ಅದನ್ನೂ ಹಾಕ್ಸಿದ್ದೀನಮ್ಮ."

"ಹಾಗಾದ್ರೆ ಮೂರೂ ಜನ ಬರ್ತೀವಿ," ಅಂದಳು ಅಕ್ಕ.